ಹೂಜಿಯ ಕತ್ತಿನವರೆಗೆ

ಹಸಿರು ಅಂಕಿ ಮತ್ತೆ ಬದಲಾಯಿತು, ಮೂವತ್ತೆಂಟು ಇದ್ದದ್ದು ಮೂವತ್ತೊಂಬತ್ತು, ಈಗ ನಲವತ್ತು, ಅಲ್ಲಿಗೆ ಬಂದು ಒಮ್ಮೆ ಕೀಂ ಎಂದು ಸುಮ್ಮನಾಯಿತು — ಆಯಿತಂತೆ, ಏನು ಆಯಿತು, ಯಾರಿಗಾಗಿ ಆಯಿತು, ಒಳಗಿರುವುದು ಅಕ್ಕಿಯ ಮದ್ಯ ಸಾಕೆಯೋ ನಲ್ಲಿಯ ನೀರೋ ಎಂಬುದೂ ಬಿಸಿ ಮಾಡುವ ಈ ಬಿಳಿ ಪೆಟ್ಟಿಗೆಗೆ ಗೊತ್ತಿಲ್ಲ, ಎಯ್ಜಿ ಪರೀಕ್ಷೆಗೆಂದು ನೀರು ತುಂಬಿಸಿಟ್ಟಿದ್ದಾನೆ, ನೀರಿಗೂ ಅದೇ ಕೀಂ, ಮಿತ್ಸುಯೊಗೆ ನಗು ಬಂತು, ನಗುತ್ತಲೇ ಒರೆಸುವ ಬಟ್ಟೆಯನ್ನು ಪೆಟ್ಟಿಗೆಯ ಮುಖದ ಮೇಲೆ ಹೊದಿಸಿಬಿಟ್ಟಳು. ಗಂಟೆ ನಾಲ್ಕೂವರೆ, ಐದಕ್ಕೆ ಅಂಗಡಿ ತೆರೆದಿದೆಯೆಂದು ಬಾಗಿಲ ಪರದೆ ತೂಗಿಸಬೇಕು, ಒಲೆಯ ಮೇಲೆ ಕಾಡ್ ಮೀನಿನ ಸಾರು ಸಣ್ಣಗೆ ಕುದಿಯುತ್ತಿದೆ, ತಲೆ, ಎಲುಬು, ಲಿವರ್ ಎಲ್ಲ ಒಟ್ಟಿಗೆ, ಹುದುಗಿಸಿದ ಸೋಯಾ ಮಿಸೊ ಇನ್ನೂ ಕದಡಿಲ್ಲ, ಹೊರಗೆ ಸಕಾತಾ ಬಂದರೂರಿನ ಹಿಮ, ಆಕಾಶದಿಂದ ಬೀಳುವ ಬದಲು ಗಾಳಿಗೆ ನೆಲದಿಂದೆದ್ದು ಲಂಗದೊಳಗೆ ನುಗ್ಗುವ ಹಿಮ, ಇಂಥ ದಿನವೇ ಜನ ಬರುವುದು, ಬಂದವರು ಕೋಟು ಬಿಚ್ಚುವ ಮೊದಲೇ ಕೇಳುವುದು ಬಿಸಿ ಸಾಕೆಯನ್ನೇ, ಮತ್ತು ಅದನ್ನು ಬಿಸಿ ಮಾಡುವವಳು ಯಾರು, ನಲವತ್ತೊಂದು ವರ್ಷದಿಂದ ಈ ತಾಮ್ರದ ತೊಟ್ಟಿಯ ಮುಂದೆ ನಿಂತವಳು ಯಾರು — ಆದರೆ ಎಯ್ಜಿ ನಿನ್ನೆ ಎಷ್ಟು ಮೆತ್ತಗೆ ಹೇಳಿದ, ಕಣ್ಣು ತಪ್ಪಿಸಿ, ಮೂಲಂಗಿ ತುರಿಯುತ್ತಾ, ನೀವು ಇನ್ನು ಸುಮ್ಮನೆ ಮುಂದೆ ಕೂತಿರಿ ಚಿಕ್ಕಮ್ಮ, ಸಂಬಳ ಅದೇ, ನಿಮ್ಮ ಮುಖ ನೋಡಕ್ಕೇ ಅರ್ಧ ಜನ ಬರ್ತಾರೆ. ಮುಖ. ಹಾಗಾದ್ರೆ ಗಿರಾಕಿ ಕರೆಯಕ್ಕೆ ಕೈಬೀಸೋ ಆ ಬೆಕ್ಕಿನ ಗೊಂಬೆ ಎತ್ತಿಡು, ಅದರ ಜಾಗದಲ್ಲಿ ನಾನೇ ಕೂತು ಕೈ ಆಡಿಸ್ತೀನಿ, ಎಂದಿದ್ದಳು, ಅವನು ನಗಲಿಲ್ಲ, ಇದೇ ಕಟ್ಟೆಯ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದ ಹುಡುಗ, ಇವನ ಮೂಗು ಒರೆಸಿದವಳು ತಾನು, ಈಗ ನಲವತ್ತನಾಲ್ಕರ ಯಜಮಾನ, ತುರಿಯುವುದನ್ನು ನಿಲ್ಲಿಸಿ ಅಂದ, ಸರಿ, ನಾಳೆ ಮೂಲೆ ಮಣೆಯ ಮಾಗಾರಾ ಸಾನ್ ಬರಲಿ, ನೀವೇ ಬಿಸಿ ಮಾಡಿ ಕೊಡಿ, ಅವರು ಚೆನ್ನಾಗಿದೆ ಅಂದ್ರೆ ಪೆಟ್ಟಿಗೆ ವಾಪಸ್ಸು ಕಳಿಸ್ತೀನಿ. ಅಷ್ಟು ಹೇಳಿ ಬಂದು ಅವಳ ಮುಂಗವಚದ ಗಂಟನ್ನು ಹಿಂದಿನಿಂದ ಬಿಗಿದು ಕಟ್ಟಿದ, ಅವಳಿಗೆ ಕಟ್ಟಲಾಗುವುದಿಲ್ಲವೆಂದು ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ, ದಿನವೂ ಹಾಗೇ.

ಬೆರಳು. ಬಲಗೈಯ ನಡುಬೆರಳು, ಇದೊಂದೇ ಬೆರಳಿಗೆ ಫುಸಾ ಒಡತಿ ಪಾಠ ಹೇಳಿದ್ದು, ಎಯ್ಜಿಯ ತಾಯಿ, ಸತ್ತು ಆರು ವರ್ಷವಾಯಿತು, ಅವಳ ದನಿ ಮಾತ್ರ ತೊಟ್ಟಿಯ ಆವಿಯೊಳಗೆ ಇನ್ನೂ ಇದೆ, ಕಣ್ಣು ಹೂಜಿಯ ಕತ್ತಿನ ಮೇಲಿರಲಿ ಹುಡುಗಿ, ಕೈ ಆಮೇಲೆ. ಸಾಕೆಯನ್ನು ಗೇಣುದ್ದದ ಹೂಜಿಯ ಭುಜದವರೆಗಲ್ಲ, ಕತ್ತಿನ ಬುಡದವರೆಗೆ ತುಂಬಬೇಕು, ಬಿಸಿನೀರಿನ ತೊಟ್ಟಿಯಲ್ಲಿ ನಿಲ್ಲಿಸಬೇಕು, ಕಾಯಬೇಕು, ಬೇರೆ ಕೆಲಸ ಮಾಡಬಾರದು, ಮೊದಲು ಏನೂ ಆಗುವುದಿಲ್ಲ, ಆಮೇಲೆ ಅದು ಏರಲು ಶುರುವಾಗುತ್ತದೆ, ಕಿರಿದಾದ ಕತ್ತಿನಲ್ಲಿ ಮೆಲ್ಲಗೆ, ಯಾರೋ ನಿದ್ದೆಯಿಂದ ಏಳುವ ಹಾಗೆ, ಬಾಯಂಚಿಗೆ ಬಂದು ತುಳುಕದೆ ಉಬ್ಬಿ ನಿಲ್ಲುತ್ತದೆ, ಒಂದು ಸಣ್ಣ ಗುಮ್ಮಟ, ಅದರ ಮೇಲೆ ದೀಪದ ಚುಕ್ಕೆ. ಬಿಸಿ ಹೊರಟಿದೆ ಅಂತ ಕತ್ತು ಹೇಳತ್ತೆ, ಬಂದು ಮುಟ್ಟಿದೆ ಅಂತ ಬೆರಳು ಹೇಳಬೇಕು, ಎನ್ನುತ್ತಿದ್ದಳು ಫುಸಾ, ಎತ್ತಿ, ತಳ ಒರೆಸಿ, ತಳಕ್ಕೆ ನಡುಬೆರಳು ಒತ್ತಬೇಕು, ಆ ಗಳಿಗೆಯಲ್ಲಿ ಕುಡಿಯುವವನ ಮುಖ ನೆನೆಯಬೇಕು. ಬಂದರಿನಲ್ಲಿ ಹಗಲೆಲ್ಲ ಗಾಳಿಗೆ ನಿಂತು ಬಂದವನಿಗೆ ಒಂದು ಕೂದಲೆಳೆ ಹೆಚ್ಚು, ಹೆಂಡತಿಯ ಜೊತೆ ಜಗಳವಾಡಿ ಬಂದವನಿಗೆ ಒಂದು ಕೂದಲೆಳೆ ಕಡಿಮೆ, ಇಲ್ಲದಿದ್ದರೆ ತಲೆಗೇರುತ್ತದೆ, ಶಾಲೆಯ ಮೇಷ್ಟ್ರಿಗೆ ಮೈಬಿಸಿ, ಗುಡ್ಡ ಸುಟ್ಟು ಬೆಳೆದ ಕೆಂಪುಗೆಡ್ಡೆಯ ಉಪ್ಪಿನಕಾಯಿ ನಂಚಿಕೊಳ್ಳುವವರಿಗೆ ಅದಕ್ಕಿಂತ ತುಸು ಮೇಲೆ, ಮೀನಿನ ಸಾರಿಗೆ ಇನ್ನೂ ಮೇಲೆ, ಪೆಟ್ಟಿಗೆಗೆ ಇದೆಲ್ಲ ಯಾವ ಗುಂಡಿ ಒತ್ತಿ ಹೇಳುತ್ತಾನೆ ಎಯ್ಜಿ. ನಾಲ್ಕು ಊರಾಚೆಯ ಗದ್ದೆಯ ಅಕ್ಕಿ, ಚೋಕಾಯ್ ಬೆಟ್ಟದ ಹಿಮ ಕರಗಿದ ನೀರು, ಇಷ್ಟು ದೂರ ಬಂದ ಸಾಕೆ ಕೊನೆಯ ಎರಡು ನಿಮಿಷ ಯಾರದೋ ಕೈಗೆ ಬೀಳುತ್ತದೆ, ಆ ಕೈ ತನ್ನದು — ತನ್ನದಾಗಿತ್ತು.

ಆಗಿತ್ತು ಅನ್ನಬಾರದು. ವೈದ್ಯೆ ಅಂದದ್ದು ಏನು, ಕಿಮೋ ಮುಗಿದ ಮೇಲೆ ಬೆರಳ ತುದಿಗೂ ಕಾಲ್ಬೆರಳಿಗೂ ಹೀಗಾಗುವುದುಂಟು, ಕೈಗವಸು ಹಾಕಿಕೊಂಡ ಹಾಗೆ, ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ, ಚಿಕ್ಕ ವಯಸ್ಸಿನವಳು, ಹೇಳುವಾಗ ಎದ್ದು ಬಂದು ಮಿತ್ಸುಯೊ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ಅಷ್ಟು ಸಾಕಾಗಿತ್ತು. ಅಂಗಡಿಗೆ ಮರಳಿದ ದಿನ ಯಾರಿಗೂ ಹೇಳಲಿಲ್ಲ, ಬೆರಳು ಒತ್ತಿದಳು, ಬೆರಳು ಏನೂ ಹೇಳಲಿಲ್ಲ, ಗೋಡೆ ಮುಟ್ಟಿದ ಹಾಗಿತ್ತು, ಆದರೂ ಒಂದು ಅಂದಾಜಿನಲ್ಲಿ ಎತ್ತಿ ಕೊಟ್ಟಳು, ಒಂದಿಷ್ಟು ಹೆಚ್ಚೇ ಇರಲಿ, ಚಳಿಯಲ್ಲವೇ, ಕೊಟ್ಟಳು, ಕೊಡುತ್ತಲೇ ಹೋದಳು, ಯಾರೂ ಏನೂ ಅನ್ನಲಿಲ್ಲ. ಒಂದು ಬೆಳಿಗ್ಗೆ ಪತ್ರಿಕೆಯ ಪುಟ ತಿರುವುವಾಗ ನಡುಬೆರಳಲ್ಲಿ ಬೊಕ್ಕೆ ಕಂಡಿತು, ಯಾವಾಗ ಸುಟ್ಟಿತೋ, ಬೊಕ್ಕೆಯನ್ನು ತಾನು ನೋಡಿದಂದೇ ಎಯ್ಜಿಯೂ ನೋಡಿದ, ಮೀನಂಗಡಿಯ ಹೆಂಗಸೂ ನೋಡಿರಬೇಕು, ಆವತ್ತಿನಿಂದ ಅವಳು ಚೀಲಕ್ಕೆ ದಪ್ಪ ಹಗ್ಗದ ಕುಣಿಕೆ ಹಾಕಿ ಕೊಡುತ್ತಾಳೆ, ಮಣಿಕಟ್ಟಿಗೆ ತಗುಲಿಸಿಕೊಳ್ಳಲು, ಹೊಸ ಚೀಲ ಅಜ್ಜಿ, ಎಲ್ಲರಿಗೂ ಇದೇ, ಅನ್ನುತ್ತಾಳೆ, ಉಳಿದವರ ಚೀಲಕ್ಕೆ ಕುಣಿಕೆಯಿಲ್ಲ. ಇಂಥದ್ದಕ್ಕೆ ಮಿತ್ಸುಯೊ ತಲೆ ಬಾಗುತ್ತಾಳೆ, ಕುಣಿಕೆಗೆ, ಮುಂಗವಚದ ಗಂಟಿಗೆ, ಪಕ್ಕದ ಕುರ್ಚಿಗೆ ಬಂದ ವೈದ್ಯೆಗೆ. ಆದರೆ ಮಾಗಾರಾ ಸಾನ್ ಮಾಡಿದ್ದಕ್ಕೆ ಇಲ್ಲ. ಹತ್ತೊಂಬತ್ತು ವರ್ಷದಿಂದ ಆ ಮೂಲೆಯ ಮಣೆಯ ಮೇಲೆ ಕೂರುವ ಮನುಷ್ಯ, ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವನು, ದಿನಕ್ಕೆ ಒಂದು ಹೂಜಿ, ಒಂದು ಬಟ್ಟಲು ಸಾರು, ಈ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯಾದರೂ ಚೆನ್ನಾಗಿದೆ ಅಂದದ್ದುಂಟೇ, ಇಲ್ಲ, ಮೊದಲ ಗುಟುಕು ಸರಿಯಿದ್ದರೆ ಕತ್ತಿಗೆ ಸುತ್ತಿದ ಟವೆಲನ್ನು ಬಿಚ್ಚಿ ಮಂಡಿಯ ಮೇಲೆ ಹಾಕಿಕೊಳ್ಳುತ್ತಿದ್ದ, ಅಷ್ಟೇ, ಸರಿಯಿಲ್ಲದಿದ್ದರೆ ಟವೆಲು ಕತ್ತಿನಲ್ಲೇ ಇರುತ್ತಿತ್ತು, ಅವಳು ಕೇಳದೆ ಇನ್ನೊಂದು ಹೂಜಿ ಇಡುತ್ತಿದ್ದಳು. ಅಂಥವನು ಈ ಒಂದು ತಿಂಗಳಿಂದ ದಿನವೂ ಹೇಳುತ್ತಾನೆ, ಚೆನ್ನಾಗಿದೆ ಮಿತ್ಸುಯೊ ಸಾನ್, ತುಂಬಾ ಚೆನ್ನಾಗಿದೆ. ಟವೆಲು ಮಾತ್ರ ಕತ್ತಿನಲ್ಲೇ. ಬೆವರು ಒರೆಸಿಕೊಳ್ಳುತ್ತಾ ಚೆನ್ನಾಗಿದೆ. ಅದು ಹೊಳೆದ ಸಂಜೆ ಅವಳ ಮುಖಕ್ಕೆ ಬಿಸಿಯೇರಿತ್ತು, ಎಲ್ಲರೂ, ಮೇಷ್ಟ್ರೂ, ಅಂಚೆಯವರೂ, ನಾಲಿಗೆ ಸುಟ್ಟುಕೊಂಡು ತನ್ನನ್ನು ಸಾಕುತ್ತಿದ್ದಾರೆ, ಮಗು ಮಾಡಿದ ಮಣ್ಣಿನ ಅಡುಗೆ ತಿಂದ ಹಾಗೆ ಮಾಡುತ್ತಿದ್ದಾರೆ. ಮಾಗಾರಾ ಸಾನ್ ತಾನೇ ಹೇಳಿರಲಿಲ್ಲವೇ, ಕಣ್ಣು ಮಂಜಾದಾಗ ಕೆಳಗಿದ್ದ ಹುಡುಗರು ಶಹಭಾಸ್ ಯಜಮಾನ್ರೇ, ಶಹಭಾಸ್ ಅಂತ ಕೂಗಲು ಶುರು ಮಾಡಿದರಂತೆ, ಮೂವತ್ತು ವರ್ಷ ಕೂಗದವರು ಈಗ್ಯಾಕೆ ಕೂಗ್ತಾರೆ ಅಂತ ಯೋಚಿಸಿ ಆವತ್ತೇ ಏಣಿ ಇಳಿದು ಬಂದೆ ಎಂದಿದ್ದ, ಅಷ್ಟು ತಿಳಿದವನು ತನಗೂ ಶಹಭಾಸ್ ಅನ್ನುತ್ತಾನೆ. ತಾನು ಇಳಿಯುವುದಿಲ್ಲ. ಅವನಿಗೆ ಎರಡೇ ಕಣ್ಣು, ತನಗೆ ಇಡೀ ಮೈ ಇದೆ.

ಅದು ಗೊತ್ತಾದದ್ದು ಬೀದಿ ಕೊನೆಯ ಸಾರ್ವಜನಿಕ ಸ್ನಾನದ ಮನೆಯ ಕೊಳದಲ್ಲಿ, ಕಾಲು ಇಳಿಸಿದರೆ ಕಾಲಿಗೆ ಗೊತ್ತಿಲ್ಲ, ಕೈ ಅದ್ದಿದರೆ ಕೈಗೆ ಗೊತ್ತಿಲ್ಲ, ಬಿಸಿನೀರೋ ತಣ್ಣೀರೋ ಎಂದು ಪಕ್ಕದವಳ ಮುಖ ನೋಡಿ ಇಳಿಯುವ ಸ್ಥಿತಿ, ಇಳಿದಳು, ಕೂತಳು, ನೀರು ಎದೆ ದಾಟಿ ಏರಿತು, ದವಡೆಯ ಕೆಳಗೆ ಕತ್ತಿನ ಮೆತ್ತನೆಯ ಜಾಗಕ್ಕೆ ಬಂದು ನಿಂತಾಗ, ಆಹಾ, ಬಿಸಿ, ಎಷ್ಟು ಬಿಸಿ, ಹೇಗೆ ಬಿಸಿ, ಎಲ್ಲ ಒಟ್ಟಿಗೆ ಹೇಳಿತು, ಹೂಜಿಯ ಹಾಗೆ ತನಗೂ ಕತ್ತಿಗೇ ಬಂದು ತಿಳಿಯಿತು, ಅವಳು ಹಾಗೇ ಕೂತು ಅತ್ತಳು, ಆವಿಯಲ್ಲಿ ಯಾರಿಗೆ ಕಾಣುತ್ತದೆ. ಹನ್ನೊಂದು ದಿನ ಮನೆಯಲ್ಲಿ ಅಭ್ಯಾಸ, ಹೂಜಿಗೆ ನೀರು ತುಂಬಿ, ಬಿಸಿಗಿಟ್ಟು, ತಳ ಒರೆಸಿ ದವಡೆಯ ಕೆಳಗೆ ಒತ್ತಿ, ಕಣ್ಣು ಮುಚ್ಚಿ, ಆಮೇಲೆ ಅಡುಗೆಯ ಉಷ್ಣಮಾಪಕ ಅದ್ದಿ ನೋಡಿ, ಮೊದಲ ಎರಡು ದಿನ ತಪ್ಪು, ಆಮೇಲೆ ಒಂಬತ್ತು ದಿನ ಸರಿ, ಅರುವತ್ತೆಂಟನೆಯ ವಯಸ್ಸಿನಲ್ಲಿ ಕತ್ತಿಗೆ ಅಕ್ಷರಾಭ್ಯಾಸ, ಅಂಗಡಿಯಲ್ಲಿ ಇವತ್ತೇ ಮೊದಲ ಪರೀಕ್ಷೆ. ಈಗ ಐದಾಯಿತು. ಚಿಕ್ಕಮ್ಮ ಪರದೆ ನಾನು ಹಾಕ್ತೀನಿ ಎಂದು ಎಯ್ಜಿ ಒಳಗಿನಿಂದ ಕೂಗಿದ, ಬೇಡ, ಪರದೆಯ ಕೋಲು ಹಿಡಿಯಲು ಬೆರಳ ತುದಿ ಬೇಕಿಲ್ಲ, ಮುಷ್ಟಿ ಸಾಕು, ಬಾಗಿಲು ತೆರೆದಳು, ಹಿಮ ಮುಖಕ್ಕೇ ಬಂತು, ಮುಖ ತಿರುಗಿಸದೆ ನಿಂತು ಕೋಲನ್ನು ಕೊಕ್ಕೆಗೇರಿಸಿದಳು, ಪರದೆ ಹಕ್ಕಿಯ ಹಾಗೆ ಬಡಿದುಕೊಂಡಿತು, ಲಾಂದ್ರದ ಕೆಳಗೆ ಮಾಗಾರಾ ಸಾನ್ ಆಗಲೇ ನಿಂತಿದ್ದ, ಹುಬ್ಬಿನ ಮೇಲೆ ಹಿಮ, ಕತ್ತಿನಲ್ಲಿ ಟವೆಲು, ಒಳಗೆ ಬನ್ನಿ.

ತಾಮ್ರದ ತೊಟ್ಟಿ. ಹೂಜಿ ಇಟ್ಟಳು. ಎಯ್ಜಿ ಸಾರಿಗೆ ಮಿಸೊ ಕದಡುತ್ತಾ ಪೆಟ್ಟಿಗೆಯ ಮೇಲಿನ ಬಟ್ಟೆಯನ್ನು ನೋಡಿದ, ತೆಗೆಯಲಿಲ್ಲ, ಒಳ್ಳೆಯ ಹುಡುಗ, ಆದರೆ ಎಷ್ಟು ಒಳ್ಳೆಯವನಾದರೂ ತನ್ನ ಜಾಗ ಅವನು ಕೊಡುವಂಥದ್ದಲ್ಲ, ತೆಗೆದುಕೊಳ್ಳುವಂಥದ್ದೂ ಅಲ್ಲ — ಸಾಕೆ ಕತ್ತಿನಲ್ಲಿ ಏರುತ್ತಿದೆ, ಏರುತ್ತಿದೆ, ಬಾಯಂಚಿಗೆ ಬಂದು ಉಬ್ಬಿತು, ಎತ್ತಿದಳು, ತಳ ಒರೆಸಿದಳು, ದವಡೆಯ ಕೆಳಗೆ ಒತ್ತಿದಳು, ಬಿಸಿ, ಹೌದು, ಇಷ್ಟೇ, ಮತ್ತೆ ಒರೆಸಿ ತಂದು ಮುಂದೆ ಇಟ್ಟಳು. ಈಗ ಸುಮ್ಮನಿದ್ದರೆ ಸಾಕು. ಸುಮ್ಮನಿದ್ದರೆ ಅವನು ಚೆನ್ನಾಗಿದೆ ಅನ್ನುತ್ತಾನೆ, ಹೇಗಿದ್ದರೂ ಅನ್ನುತ್ತಾನೆ, ಪೆಟ್ಟಿಗೆ ನಾಳೆಯೇ ವಾಪಸ್ಸು, ಜಾಗ ಉಳಿಯುತ್ತದೆ, ಸುಳ್ಳಿನ ಮೇಲೆ ಕೂತ ಜಾಗ, ದಿನವೂ ಯಾರಾದರೂ ನಾಲಿಗೆ ಸುಟ್ಟುಕೊಂಡು ಕಾಪಾಡಬೇಕಾದ ಜಾಗ. ಮಾಗಾರಾ ಸಾನ್, ಎಂದಳು, ದನಿ ತನಗೇ ಅಚ್ಚರಿಯಾಗುವಷ್ಟು ಗಟ್ಟಿಯಾಗಿ ಬಂತು, ಇವತ್ತು ಸುಳ್ಳು ಹೇಳಬೇಡಿ. ಬಟ್ಟಲಿಗೆ ಸುರಿದುಕೊಳ್ಳುತ್ತಿದ್ದವನು ಕೈ ತಡೆದ, ಯಾವ ಸುಳ್ಳು. ಶಹಭಾಸ್ ಅನ್ನೋ ಸುಳ್ಳು, ನಿಮ್ಮನ್ನ ಕ್ರೇನಿಂದ ಇಳಿಸಿತಲ್ಲ, ಅದು. ಒಲೆಯ ಹತ್ತಿರ ಎಯ್ಜಿಯ ಸೌಟು ನಿಂತಿತು. ಮಾಗಾರಾ ಸಾನ್ ಅವಳನ್ನು ನೋಡಿದ, ಎಯ್ಜಿಯನ್ನು ನೋಡಿದ, ಬಟ್ಟಲಿಗೆ ಬಗ್ಗಿ ಒಂದು ಗುಟುಕು ತೆಗೆದುಕೊಂಡ, ನಾಲಿಗೆಯ ಮೇಲೆ ಇಟ್ಟುಕೊಂಡು ಕೂತ, ನುಂಗಿದ. ಸಾಲದು, ಅಂದ. ತಣ್ಣಗಿದೆ. ಆಮೇಲೆ, ತಪ್ಪು ಒಪ್ಪಿಕೊಳ್ಳುವವನ ಹಾಗೆ ಮೆಲ್ಲಗೆ, ಒಂದು ತಿಂಗಳಿಂದ ಸಾರಿಗಿಂತ ಬಿಸಿ ಇರ್ತಿತ್ತು ಮಿತ್ಸುಯೊ ಸಾನ್, ಇವತ್ತು ಸಾಲದು. ಚಿಕ್ಕಮ್ಮ, ಎಂದು ಎಯ್ಜಿ ಸೌಟು ಕೆಳಗಿಟ್ಟ.

ಎದೆಯೊಳಗೆ ಏನೋ ಕುಸಿಯಬೇಕಿತ್ತು, ಕುಸಿಯಲಿಲ್ಲ, ಬದಲಿಗೆ ಹಗುರಾಯಿತು, ಸಾಲದು, ಎಷ್ಟು ಚೆಂದದ ಮಾತು, ಒಂದು ತಿಂಗಳಿಂದ ಈ ಅಂಗಡಿಯಲ್ಲಿ ಯಾರೂ ತನಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ, ಯಾಕೆ ಸಾಲದಾಯಿತು, ಯೋಚಿಸು, ಮನೆಯಲ್ಲಿ ಒಂಬತ್ತು ದಿನ ಸರಿಯಿತ್ತಲ್ಲ — ಹಿಮ. ಈಗಷ್ಟೇ ಬಾಗಿಲಲ್ಲಿ ಹಿಮಕ್ಕೆ ಮುಖ ಕೊಟ್ಟು ನಿಂತು ಬಂದ ಕತ್ತು, ತಣ್ಣಗಾದ ಚರ್ಮಕ್ಕೆ ಉಗುರುಬೆಚ್ಚಗಿನದೂ ಬಿಸಿಯೇ, ಅಷ್ಟೇ ತಾನೇ, ಇದು ಕಲಿಯುವ ಮಾತು, ಸೋಲುವ ಮಾತಲ್ಲ. ಆರಿದ ಹೂಜಿಯನ್ನು ಎತ್ತಿಕೊಂಡು ಬಂದು ಒಂದು ಬಟ್ಟಲು ತಾನೇ ಕುಡಿದಳು, ಹೌದು, ಸಾಲದು. ಗಿರಾಕಿಗಳ ಕೈ ಒರೆಸಲಿಟ್ಟಿದ್ದ ಬಿಸಿ ಟವೆಲೊಂದನ್ನು ಹಿಂಡಿ ದವಡೆಗೂ ಕತ್ತಿಗೂ ಸುತ್ತಿಕೊಂಡಳು, ಹೊಸ ಹೂಜಿಗೆ ಕತ್ತಿನ ಬುಡದವರೆಗೆ ತುಂಬಿದಳು, ಒಂದು ಹನಿ ಚೆಲ್ಲಲಿಲ್ಲ, ತೊಟ್ಟಿಗಿಳಿಸಿದಳು. ಚಿಕ್ಕಮ್ಮ, ನಿನ್ನೆ ನಾವು ಮಾತಾಡಿದ್ದು, ಎಂದು ಎಯ್ಜಿ ಮತ್ತೆ ಶುರು ಮಾಡಿದ, ಅವನ ಕೈ ಪೆಟ್ಟಿಗೆಯ ಬಟ್ಟೆಯ ಅಂಚಿನ ಮೇಲಿತ್ತು. ಮುಟ್ಟಬೇಡ ಎಯ್ಜಿ, ಅಂದಳು, ತಿರುಗದೆ, ಸಾರು ನೋಡ್ಕೋ, ಮಿಸೊ ಹಾಕಿದ ಮೇಲೆ ಕುದಿಸಬಾರದು ಅಂತ ನಿಮ್ಮಮ್ಮ ಎಷ್ಟು ಸಲ ಹೇಳಿದಾಳೆ. ಮೂಲೆಯಿಂದ ಮಾಗಾರಾ ಸಾನ್ ನಕ್ಕದ್ದು ಕೇಳಿಸಿತು. ಸಾಕೆ ಏರಿತು. ಎತ್ತಿದಳು, ಟವೆಲು ತೆಗೆದು ಬೆಚ್ಚಗಾದ ಕತ್ತಿಗೆ ಹೂಜಿಯ ತಳ ಒತ್ತಿದಳು, ಇಲ್ಲ, ಇನ್ನೂ ಇಲ್ಲ, ಬಂದರಿನ ಗಾಳಿ, ಹುಬ್ಬಿನ ಮೇಲಿನ ಹಿಮ, ಮತ್ತೆ ಇಳಿಸಿದಳು, ಮೂರು ಉಸಿರು, ನಾಲ್ಕು, ಮತ್ತೆ ಒತ್ತಿದಳು — ಇದು. ತಂದಿಟ್ಟಳು. ಈ ಸಲ ಅವನ ಮುಖ ನೋಡಲು ನಿಲ್ಲಲಿಲ್ಲ, ಕೇಳಲೂ ಇಲ್ಲ, ಬೆನ್ನು ತಿರುಗಿಸಿ ತೊಟ್ಟಿಗೆ ಬಂದಳು, ಹಿಂದಿನಿಂದ ಚೆನ್ನಾಗಿದೆ ಎನ್ನುವ ಮಾತು ಬರಲಿಲ್ಲ, ಆಮೇಲೆ ಒದ್ದೆ ಟವೆಲು ಕತ್ತಿನಿಂದ ಜಾರಿ ಮಂಡಿಯ ಮೇಲೆ ಬಿದ್ದ ಸಣ್ಣ ಸದ್ದು, ಎಯ್ಜಿಗೆ ಕೇಳಿಸಿತೋ ಇಲ್ಲವೋ, ಗೋಡೆಯ ಕಡೆಯಿಂದ ಪೆಟ್ಟಿಗೆಯ ಪ್ಲಗ್ಗು ಕಿತ್ತ ಟಕ್ ಸದ್ದು, ಪರದೆ ಸರಿಯಿತು, ಮೇಷ್ಟ್ರು ಕಾಲು ಝಾಡಿಸಿ ಒಳಗೆ ಬರುತ್ತಿದ್ದಾರೆ, ಮೈಬಿಸಿ, ಅವರಿಗೆ ಮೈಬಿಸಿ, ಅವಳು ಆಗಲೇ ಮೂರನೆಯ ಹೂಜಿ ಇಳಿಸಿದ್ದಳು, ಕಣ್ಣು ಕತ್ತಿನ ಮೇಲಿದೆ, ಮೊದಲು ಏನೂ ಇಲ್ಲ, ಈಗ ಏರುತ್ತಿದೆ, ಮೆಲ್ಲಗೆ, ಬಾಯಂಚಿಗೆ, ಉಬ್ಬುತ್ತಿದೆ, ದೀಪದ ಚುಕ್ಕೆಯನ್ನು ಹೊತ್ತುಕೊಂಡು, ತುಳುಕದೆ, ನಿಂತಿದೆ —