ಜೋಡಿಬಂಡೆಯ ಹೆಜ್ಜೆ ಸಪ್ಪಳ

ಸಿದ್ದಯ್ಯನಿಗೆ ಓಡುವುದೇ ಕಸುಬು. ಕಾನಕಾನಹಳ್ಳಿಯಿಂದ ಬರುವ ಟಪಾಲು ಚೀಲವನ್ನು ನಡುದಾರಿಯ ಚಾವಡಿಯಲ್ಲಿ ಹೆಗಲಿಗೇರಿಸಿಕೊಂಡು, ಬೆಳಗಿನ ರೈಲು ಬರುವಷ್ಟರಲ್ಲಿ ಕ್ಲೋಸ್‌ಪೇಟೆಗೆ ಮುಟ್ಟಿಸಬೇಕು. ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ. ಆ ಸದ್ದಿಗೆ ಚಿರತೆ, ಕರಡಿ ದಾರಿ ಬಿಡುತ್ತವೆ. ಎದುರು ಬರುವ ಗಾಡಿಗಳೂ ಬಿಡುತ್ತವೆ. ಓಡುತ್ತಿರುವ ಟಪಾಲಿನವನನ್ನು ಮಾತನಾಡಿಸಿದರೆ ಜೈಲು ಎಂದು ಆ ಸೀಮೆಯಲ್ಲೆಲ್ಲ ನಂಬಿಕೆ. ಯಾವ ಕಾನೂನಿನಲ್ಲಿ ಹಾಗೆ ಬರೆದಿತ್ತೋ ಯಾರಿಗೂ ಗೊತ್ತಿಲ್ಲ. ಜೈಲಿಗೆ ಹೋಗಿ ಬಂದವರನ್ನೂ ಯಾರೂ ಕಂಡಿರಲಿಲ್ಲ.

ಊರ ಜನ ಸಿದ್ದಯ್ಯನ ಎದೆಗಾರಿಕೆಯನ್ನು ಬಾಯ್ತುಂಬ ಹೊಗಳುತ್ತಿದ್ದರು. ಹೊಗಳುವವರಿಗೇನು, ಮನೆಯಲ್ಲಿ ಬೆಚ್ಚಗೆ ಮಲಗಿರುತ್ತಾರೆ. ನಿಜ ಹೇಳಬೇಕೆಂದರೆ ಆ ವರ್ಷ ರಾಗಿ ಕುಯ್ಲಿನಿಂದೀಚೆಗೆ ಸಿದ್ದಯ್ಯ ಹೆದರಿ ಕಂಗಾಲಾಗಿದ್ದ.

ದಾರಿಯಲ್ಲಿ ಜೋಡಿಬಂಡೆ ಎಂಬ ಜಾಗವಿದೆ. ಎರಡು ದೊಡ್ಡ ಬೋಳು ಬಂಡೆಗಳ ನಡುವೆ ಒಂದು ಗಾಡಿ ಹಿಡಿಸುವಷ್ಟೇ ದಾರಿ. ಪಿಸುಗುಟ್ಟಿದರೂ ಅಲ್ಲಿ ದೊಡ್ಡದಾಗಿ ಕೇಳುತ್ತದೆ. ಸಿದ್ದಯ್ಯನಿಗಿಂತ ಮೊದಲು ಟಪಾಲು ಹೊರುತ್ತಿದ್ದ ಕೆಂಚಯ್ಯ ಸತ್ತದ್ದು ಅಲ್ಲೇ. ಹೇಗೆ ಸತ್ತನೋ ತಿಳಿಯಲಿಲ್ಲ. ಚೀಲ ಒಂದು ಕಡೆ, ಈಟಿ ಒಂದು ಕಡೆ ಬಿದ್ದಿದ್ದವು. ಸರ್ಕಾರದ ಸಾಮಾನು ದಂಡವಾಗಬಾರದಲ್ಲ, ಅದೇ ಈಟಿಯನ್ನು ತೊಳೆದು ಸಿದ್ದಯ್ಯನ ಕೈಗೆ ಕೊಟ್ಟಿದ್ದರು.

ಈಗ ನಸುಕಿನಲ್ಲಿ ಆ ಬಂಡೆಗಳ ನಡುವೆ ಹೊಕ್ಕರೆ ಸಾಕು, ಬೆನ್ನ ಹಿಂದೆ ಹೆಜ್ಜೆ ಕೇಳುತ್ತಿತ್ತು. ತಪ್… ಸರ್. ತಪ್… ಸರ್. ಒಂದು ಕಾಲು ಊರುತ್ತದೆ, ಇನ್ನೊಂದು ಎಳೆಯುತ್ತದೆ. ಜೊತೆಗೆ ಒಣಗಿದ ಎದೆಯಿಂದ ಉಸಿರು ಬಿಟ್ಟಂತೆ ಏನೋ ಸರಪರ ಸದ್ದು. ಸಿದ್ದಯ್ಯ ಜೋರಾಗಿ ಓಡಿದರೆ ಅದೂ ಜೋರು. ನಿಧಾನ ಮಾಡಿದರೆ ಅದೂ ನಿಧಾನ. ಕಡೆಕಡೆಗೆ ಕೆಂಚಯ್ಯ ಬಾತುಕೊಂಡ ಕಾಲನ್ನು ಎಳೆದುಕೊಂಡೇ ಓಡುತ್ತಿದ್ದ. ಇನ್ನು ಅನುಮಾನವೇನು? ಹಿಂದಿರುಗಿ ನೋಡುವುದಂತೂ ಆಗದ ಮಾತು. ಹಿಂದಿರುಗಿ ನೋಡಿದವನ ಹೆಗಲನ್ನು ದೆವ್ವ ಏರುತ್ತದೆ ಎಂದು ಹಳೆಯ ಓಟದಾಳುಗಳೆಲ್ಲ ಹೇಳಿದ್ದರು.

ಹೆಂಡತಿ ಬೋರಮ್ಮ ಕಬ್ಬಾಳಮ್ಮನಿಗೆ ಹರಕೆ ಹೊತ್ತಳು, ಈಟಿಗೆ ನಿಂಬೆಹಣ್ಣು ಕಟ್ಟಿದಳು. ಹೆಜ್ಜೆ ನಿಲ್ಲಲಿಲ್ಲ.

"ಕೆಂಚಯ್ಯಣ್ಣಂಗೆ ಅವನ ಈಟಿ ಬೇಕೂಂತ ಕಾಣ್ತದೆ ಕಣಮ್ಮಿ," ಎಂದ ಸಿದ್ದಯ್ಯ.

"ಹಂಗಾರೆ ಕೆಲ್ಸ ಬುಟ್ಬುಡು. ನಿನ್ ಹೆಣ ಹೊತ್ಕೊಂಡ್ ಬರೋದ್ ನಾನ್ ನೋಡಕಾಗಕಿಲ್ಲ."

"ಬುಟ್ಬುಟ್ಟು ಏನ್ ತಿನ್ನಾದು?"

ಬೋರಮ್ಮ ಈಟಿಗೆ ಇನ್ನೊಂದು ನಿಂಬೆಹಣ್ಣು ಕಟ್ಟಿದಳು.

ಅಷ್ಟರಲ್ಲೇ ಮಹಾರಾಜರ ವರ್ಧಂತಿ ಬಂತು. ಆ ದಿನ ನಡುದಾರಿಯ ಚಾವಡಿಯಿಂದ ಕ್ಲೋಸ್‌ಪೇಟೆಯವರೆಗೆ ಓಟದ ಪಂದ್ಯ, ಯಾರು ಬೇಕಾದರೂ ಓಡಬಹುದು, ಮೊದಲು ಬಂದವನಿಗೆ ಕಚೇರಿಯಲ್ಲಿ ಜವಾನನ ಕೆಲಸ ಎಂದು ಡಂಗುರ ಸಾರಿದರು. ನಡುವಿಗೆ ಕೆಂಪು ದಟ್ಟಿ, ಎದೆಗೆ ಹಿತ್ತಾಳೆ ಬಿಲ್ಲೆ, ತಲೆಯ ಮೇಲೆ ಸೂರು! ಮತ್ತೆಂದೂ ಜೋಡಿಬಂಡೆ ಹೊಗಬೇಕಾಗಿಲ್ಲ. ಸಿದ್ದಯ್ಯನಿಗೆ ದೇವರೇ ಬಂದು ಕೈ ಹಿಡಿದಂತಾಯಿತು. ಗೆದ್ದೇ ತೀರಬೇಕು ಎಂದುಕೊಂಡ. ಕೈಯಲ್ಲಿ ಕೋಲು ಕತ್ತಿ ಏನೂ ಇರಕೂಡದು ಎಂಬ ಷರತ್ತು ಕೇಳಿ ಇನ್ನೂ ಹಗುರಾದ. ಈಟಿ ಇಲ್ಲದಿದ್ದರೆ ಕೆಂಚಯ್ಯ ಯಾಕೆ ಬರುತ್ತಾನೆ? ಅದೂ ಹಾಡಹಗಲಿನಲ್ಲಿ!

ಪಂದ್ಯದ ದಿನ ಹೊರಟವರು ಮೂವತ್ತು ಜನರಿಗೇನೂ ಕಡಮೆಯಿರಲಿಲ್ಲ. ಚನ್ನಪಟ್ಟಣದ ಹುಡುಗರು ಮೊದಲಿಗೇ ಬಾಲ ಸುಟ್ಟ ಬೆಕ್ಕಿನಂತೆ ಓಡಿದರು. ಸಿದ್ದಯ್ಯ ತನ್ನ ಟಪಾಲಿನ ಓಟವನ್ನೇ ಹಿಡಿದ. ಮೈಲಿ ಕಳೆದಂತೆ ಒಬ್ಬೊಬ್ಬರೇ ದಾರಿ ಬದಿ ಕೂತರು. ಜೋಡಿಬಂಡೆ ಕಾಣುವ ಹೊತ್ತಿಗೆ ಮುಂದೆ ಉಳಿದವರು ಮೂವರೇ. ಅವರೂ ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿದ್ದರು. ಬಂಡೆ ದಾಟಲಿ, ಆಮೇಲೆ ನೋಡೋಣ ಎಂದುಕೊಂಡು ಸಿದ್ದಯ್ಯ ಒಳಹೊಕ್ಕ.

ತಪ್… ಸರ್.

ಮೈಯ ಕೂದಲೆಲ್ಲ ನಿಂತಿತು. ಬಿಸಿಲು ನೆತ್ತಿಯ ಮೇಲಿತ್ತು. ಬಂಡೆಗಳು ಬೆಳ್ಳಗೆ ಕಾದು ನಿಂತಿದ್ದವು. ಅಂಥ ಬೆಳಕಿನಲ್ಲಿ, ಬೆನ್ನಿಗೆ ನಾಲ್ಕು ಮಾರು ದೂರದಲ್ಲಿ, ತಪ್… ಸರ್. ತಪ್… ಸರ್. ಕೈ ತಾನಾಗಿ ಈಟಿಯನ್ನು ಹುಡುಕಿತು. ಬೆರಳಿಗೆ ಸಿಕ್ಕಿದ್ದು ಗಾಳಿ. ಹಗಲಿಗೂ ಇದಕ್ಕೆ ಹೆದರಿಕೆಯಿಲ್ಲ. ಈಟಿ ಇಲ್ಲದಿದ್ದರೂ ಬಿಡಲಿಲ್ಲ. ಹಾಗಾದರೆ ಇದಕ್ಕೆ ಬೇಕಿರುವುದು ಈಟಿಯಲ್ಲ, ನಾನು.

ಆ ಯೋಚನೆ ಬಂದದ್ದೇ ತಡ, ಪಂದ್ಯ, ದಟ್ಟಿ, ಬಿಲ್ಲೆ ಎಲ್ಲ ಮರೆತುಹೋದವು. ಸಿದ್ದಯ್ಯ ಜೀವ ಕೈಯಲ್ಲಿ ಹಿಡಿದು ಓಡಿದ. ಮುಂದಿದ್ದ ಮೂವರನ್ನು ದಾಟಿದ್ದು ಅವನಿಗೇ ತಿಳಿಯಲಿಲ್ಲ. ಬಂಡೆ ಕಳೆದು, ಹಳ್ಳ ಕಳೆದು ಓಡಿದ. ಆ ಓಟವನ್ನು ಯಾವ ಕಾಲು ತಾಳೀತು? ಹೊಂಗೆ ಮರದ ಹತ್ತಿರ ಮೀನಖಂಡ ಹಿಡಿದುಕೊಂಡು ದಾರಿ ಬದಿಯ ಗುಂಡಿಗೆ ಉರುಳಿದ. ಆ ಮೂವರು ಅವನತ್ತ ಒಮ್ಮೆ ನೋಡಿ, ನಿಲ್ಲದೆ ಹೋದರು. ಏಳಲು ನೋಡಿದ, ಕಾಲು ಕಲ್ಲಾಗಿತ್ತು.

ತಪ್… ಸರ್. ತಪ್… ಸರ್. ಹತ್ತಿರವಾಯಿತು. ಪಕ್ಕಕ್ಕೇ ಬಂದು ನಿಂತಿತು.

ಸಿದ್ದಯ್ಯ ತೋಳಿನಿಂದ ಮುಖ ಮುಚ್ಚಿಕೊಂಡು ಅತ್ತೇಬಿಟ್ಟ. "ಕೆಂಚಯ್ಯಣ್ಣ, ನಿನ್ ದಮ್ಮಯ್ಯ, ನನ್ನ ಬುಟ್ಬುಡು. ಈಟಿ ಮನೇಲೈತೆ, ತಕ್ಕೊಂಡೋಗು."

"ಅರೆ, ಯಾವ ಈಟಿ? ಕಾಲು ಇತ್ಲಾಗೆ ಕೊಡಿ, ತಿಕ್ತೀನಿ."

ಕಣ್ಣು ಬಿಟ್ಟರೆ ತಲೆಗೆ ರುಮಾಲು ಸುತ್ತಿದ ಒಬ್ಬ ಬಡಕಲು ಮನುಷ್ಯ. ಬೆವರು ತೊಟ್ಟಿಕ್ಕುತ್ತಿತ್ತು, ದೆವ್ವಕ್ಕೆಲ್ಲಿಯ ಬೆವರು? ಬಲಪಾದ ಸೊಟ್ಟಗಾಗಿತ್ತು. ಸಣ್ಣವನಿದ್ದಾಗ ಗಾಡಿಯ ಚಕ್ರ ಹರಿದದ್ದಂತೆ. ಹೆಸರು ಮುನಾವರ್, ಕ್ಲೋಸ್‌ಪೇಟೆಯಲ್ಲಿ ರೇಷ್ಮೆ ಬಿಚ್ಚುವ ಮನೆಯವನು. ಜವಾನನ ಕೆಲಸದ ಆಸೆಗೆ ಅವನೂ ಪಂದ್ಯಕ್ಕೆ ಬಂದಿದ್ದ.

"ಲೇ, ನೀನು ನಸುಕಲ್ಲಿ ಈ ದಾರೀಲಿ ಬತ್ತೀಯಾ?" ಎಂದ ಸಿದ್ದಯ್ಯ.

"ವಾರದಾಗೆ ನಾಕೈದು ಸಲ ಬರ್ತೀನಿ. ಹಳ್ಳೀಲಿ ರೇಷ್ಮೆ ಗೂಡು ಕೊಂಡು ಬುಟ್ಟಿ ತುಂಬ್ಕೊಂಡು ಬರೋದು. ಚಿಟ್ಟೆ ಗೂಡು ಕೊರೆಯೋ ಮುಂಚೆ ಮನೆ ಸೇರ್ಬೇಕಲ್ಲ, ಬಿಸಿಲಿಗಿಂತ ಮುಂಚೆ ಹೊರಡ್ತೀನಿ." ಮುನಾವರ್ ನಾಚಿಕೊಂಡ. "ನಮ್ಗೆ ಆ ಬಂಡೆ ಅಂದ್ರೆ ಭಾಳ ಹೆದ್ರಿಕೆ ಅಣ್ಣ. ಅದಕ್ಕೆ ಟಪಾಲಿನವ್ರ ಗೆಜ್ಜೆ ಕೇಳೋವರ್ಗೂ ಮರದ ಹಿಂದೆ ಕಾದಿದ್ದು, ಆ ಸದ್ದಿನ ಹಿಂದೇನೇ ಬಂದ್ಬಿಡ್ತೀನಿ. ಆ ಟಪಾಲಿನವ್ರು ಗಂಡಸು ನೋಡಿ! ಅವ್ರಿಗೆ ಭಯಾನೇ ಇಲ್ಲ."

ಬುಟ್ಟಿಯಲ್ಲಿ ಗೂಡುಗಳು ಒಂದಕ್ಕೊಂದು ಉಜ್ಜಿದರೆ ಸರಪರ ಎನ್ನುತ್ತವೆ. ಸಿದ್ದಯ್ಯ ಗುಂಡಿಯಲ್ಲಿ ಎದ್ದು ಕೂತ.

"ನಾನೇ ಕಣ್ಲಾ ಆ ಟಪಾಲಿನವನು! ಬಾಯಿ ಬುಟ್ಟು ಒಂದ್ ಮಾತು ಕೂಗಿದ್ರೆ ನಿನ್ ಗಂಟೇನ್ ಹೋಯ್ತಿತ್ಲಾ?"

"ಟಪಾಲಿನವ್ರನ್ನ ಮಾತಾಡಿಸಿದ್ರೆ ಜೈಲು ಅಂತಾರಲ್ಲ ಅಣ್ಣ."

"ನಾನು ಜೋರಾಗ್ ಓಡಿದ್ರೆ ನೀನ್ಯಾಕ್ಲಾ ಓಡ್ತಿದ್ದೆ?"

"ನಿಮ್ಗೇ ಏನೋ ಕಂಡೈತೆ ಅಂತ!"

ಸಿದ್ದಯ್ಯನಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ತಿಂಗಳುಗಟ್ಟಲೆ ನಿದ್ದೆ ಕೆಡಿಸಿದ್ದಾನೆ, ಈಗ ಕೈಗೆ ಬಂದ ಕೆಲಸವನ್ನೂ ಕಳೆದಿದ್ದಾನೆ. ಆದರೆ ಎತ್ತಿದ ಕೈ ಹಾಗೇ ನಿಂತು, ನಗು ಉಕ್ಕಿ ಬಂತು. ಅಳು ಇನ್ನೂ ಪೂರಾ ನಿಂತಿರಲಿಲ್ಲ.

ಅಷ್ಟರಲ್ಲಿ ಬಂಡೆಯ ಕಡೆಯಿಂದ ಯಾರೋ ಗಂಟಲು ಹರಿಯುವಂತೆ ಸೋಬಾನೆ ಹಾಡಿಕೊಂಡು ಬರುತ್ತಿದ್ದುದು ಕೇಳಿಸಿತು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಹೊಟ್ಟೆ. ಮಾಗಡಿ ಕಡೆಯ ಕೆಂಪಾಪುರದ ಹನುಮಂತಯ್ಯ, ಭಾಮೈದನ ಹತ್ತಿರ ಪಂಥ ಕಟ್ಟಿ ಪಂದ್ಯಕ್ಕೆ ಬಂದವನು. ಬಂದವನೇ ಹೊಂಗೆಯ ನೆರಳಿಗೆ ದೊಪ್ಪನೆ ಬಿದ್ದ.

"ಯಾಕಣ್ಣ, ಹೆಂಗಸ್ರ ಹಾಡು?" ಎಂದ ಸಿದ್ದಯ್ಯ.

"ಆ ಬಂಡೆ ಸಂದೀಲಿ ಎದೆ ಡವಡವ ಅಂತು ಕಣಪ್ಪ. ಬಾಯಿಗೆ ಯಾವ್ದ್ ಬಂತೋ ಅದ್ನೇ ಹಾಡ್ದೆ. ಯಾರ್ಗೂ ಹೇಳ್ಬೇಡಿ."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸಿದ್ದಯ್ಯ ಇಬ್ಬರ ಹೆಗಲಿಗೂ ಕೈ ಹಾಕಿ ಕುಂಟುತ್ತ ನಡೆದ. ಹನುಮಂತಯ್ಯ ಮಡಿಲಿನಿಂದ ಹುರಿಗಡಲೆ, ಬೆಲ್ಲ ತೆಗೆದು ಹಂಚಿದ.

ಕ್ಲೋಸ್‌ಪೇಟೆ ಮುಟ್ಟಿದಾಗ ಚಪ್ಪರದ ಗಳು ಬಿಚ್ಚುತ್ತಿದ್ದರು. ದೊಡ್ಡವರೆಲ್ಲ ಊಟಕ್ಕೆ ಹೋಗಿದ್ದರು. ಚನ್ನಪಟ್ಟಣದ ಹುಡುಗನೊಬ್ಬನಿಗೆ ಆಗಲೇ ದಟ್ಟಿ ಸುತ್ತಿ ಆಗಿತ್ತಂತೆ. ಪಾನಕದ ಕೊಳದಪ್ಪಲೆಯಲ್ಲಿ ಇರುವೆ ಹರಿಯುತ್ತಿತ್ತು. ಸಿದ್ದಯ್ಯನ ಎದೆ ಭಾರವಾಯಿತು. ಆ ಭಾರವನ್ನು ಯಾವ ಗೆಳೆತನವೂ ಆ ಹೊತ್ತಿಗೆ ಇಳಿಸುವಂತಿರಲಿಲ್ಲ.

ಕಾಲು ಸರಿಹೋದ ಮೇಲೆ ಮತ್ತೆ ಅದೇ ಚೀಲ, ಅದೇ ಈಟಿ. ನಸುಕಿನಲ್ಲಿ ಜೋಡಿಬಂಡೆ ಹೊಕ್ಕ. ಇನ್ನು ಭಯವಿಲ್ಲ ಎಂದು ಬೋರಮ್ಮನಿಗೆ ಹೇಳಿಯೇ ಬಂದಿದ್ದ. ಗೆಜ್ಜೆ ಘಲ್ ಘಲ್ ಎಂದಿತು. ಅದರ ಹಿಂದೆ ಏನೂ ಕೇಳಲಿಲ್ಲ.

ಹೆಜ್ಜೆಯಿಲ್ಲ, ಸರಪರವಿಲ್ಲ. ಕೆಂಚಯ್ಯ ಬಿದ್ದ ಜಾಗ ಹತ್ತಿರವಾಯಿತು. ಸಿದ್ದಯ್ಯನಿಗೆ ಇಷ್ಟು ದಿನ ಇಲ್ಲದ ಭಯ, ತಾನೊಬ್ಬನೇ ಎಂಬ ಭಯ. ಎಂದೂ ನಿಲ್ಲದವನು ನಿಂತ. ಎಂದೂ ತಿರುಗದವನು ತಿರುಗಿ ನೋಡಿದ. ಕತ್ತಲೆ ಬಿಟ್ಟರೆ ಏನೂ ಕಾಣಲಿಲ್ಲ. ಈಟಿಯನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಗೆಜ್ಜೆ ಆಡಿಸಿದ.

ಬಹಳ ಹೊತ್ತಾದ ಮೇಲೆ, ದೂರದಲ್ಲಿ, ತಪ್… ಸರ್. ತಪ್… ಸರ್.

"ಲೇ ಮುನಾವರ್, ಯಾಕ್ಲಾ ಇಷ್ಟೊತ್ತು?" ಅವನ ಕೂಗಿಗೆ ಎರಡು ಬಂಡೆಗಳೂ ಮಾರುಲಿದವು.

"ಬಂದೆ ಅಣ್ಣ, ಬಂದೆ! ನೀವು ನಡೀರಿ, ಸರ್ಕಾರದ ಟಪಾಲು ನಿಲ್ಬಾರ್ದು!"

ಸಿದ್ದಯ್ಯ ನಡೆಯಲಿಲ್ಲ. ಬುಟ್ಟಿ ಹೊತ್ತ ಆಕಾರ ಪಕ್ಕಕ್ಕೆ ಬರುವವರೆಗೂ ಅಲ್ಲೇ ಗೆಜ್ಜೆ ಆಡಿಸುತ್ತ ನಿಂತಿದ್ದ.