ಮುಚ್ಚಿದ ಗುಂಡಿಯ ಕಾವಲು

ಮಡಕೆಯ ಅಂಚು ಕಂಡಾಗ ನಾವು ಆ ಊರು ಬಿಡುವ ಹೊತ್ತಾಗಿತ್ತು. ನಮ್ಮ ಟಿ.ವಿ. ತಂಡದ ಪದ್ಧತಿಯೇ ಹಾಗೆ: ಒಂದು ಊರಿನಲ್ಲಿ ನಾಲ್ಕಾರು ದಿನ ಅಗೆಯುವುದು, ಗುಂಡಿ ಮುಚ್ಚುವುದು, ವ್ಯಾನು ಹತ್ತುವುದು. ತಂಡದಲ್ಲಿ ಪುರಾತತ್ವ ಓದಿದವಳು ನಾನೊಬ್ಬಳೇ. ನಾನು ಹೂಂ ಅನ್ನದೆ ಮಣ್ಣಿನಿಂದ ಏನನ್ನೂ ಎತ್ತುವಂತಿಲ್ಲ ಎಂಬುದು ಪರವಾನಗಿಯ ಷರತ್ತು. ಹಗಲು ಬಟ್ಟೆ ಅಂಗಡಿಯಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಕಲಿತವಳಿಗೆ ಆ ಒಂದು ಹೂಂ ಯಾವಾಗಲೂ ಭಾರ. ಸರಿಯಾಗಿ ಗೊತ್ತಿದ್ದರೂ ತಪ್ಪಿರಬಹುದೇನೋ ಅನ್ನಿಸುತ್ತದೆ.

ಬ್ರಷ್‌ನಿಂದ ಮಣ್ಣು ಸರಿಸಿದೆ. ಮೈತುಂಬ ಬಿರುಕು ಬಿಟ್ಟ, ಮುಚ್ಚಳವಿದ್ದ ಮಡಕೆ. ಮುಚ್ಚಳದ ಸಂದಿಯಲ್ಲಿ ನನ್ನ ಕಿರುಬೆರಳ ಗೆಣ್ಣಿನಷ್ಟು ಮೂಳೆ. ಯಾರೋ ತಮ್ಮ ಕೂಸನ್ನು ಅದರಲ್ಲಿಟ್ಟು ಹೂತಿದ್ದರು. ಆತುರದಲ್ಲಿ ಎತ್ತಿದರೆ ಎಲ್ಲವೂ ಹಿಟ್ಟಾಗುತ್ತಿತ್ತು.

ನಿರ್ದೇಶಕರು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಎತ್ತಬಹುದೇ ಎಂದು ಕೇಳಿದರು. ಕಷ್ಟವಾಗಬಹುದು ಅಂದೆ.

"ಯಾವಾಗ್ಲೂ ಅಡ್ಡಗೋಡೆ ಮೇಲೆ ದೀಪ ಇಡ್ತೀರಲ್ಲ ಮೇಡಂ. ಎತ್ಬೋದೋ, ಇಲ್ವೋ?"

"ಇಲ್ಲ. ನಾನಿರೋವರೆಗೂ ಯಾರೂ ಇದನ್ನ ಮುಟ್ಟಲ್ಲ."

ಇನ್ನಷ್ಟು ವಾದಿಸುತ್ತಾರೆ ಅಂದುಕೊಂಡಿದ್ದೆ. ಅವರು ಹಿಂದೆ ಸರಿದು ಕ್ಯಾಮೆರಾದವನ ಪಕ್ಕ ನಿಂತರು. ಮಡಕೆಯ ಮೇಲೆ ಬಟ್ಟೆ ಹಾಸಿದೆ. ಮುಂದೆ ಅಗೆಯುವವರಿಗೆ ಇಲ್ಲಿವರೆಗೆ ಒಬ್ಬರ ಕೈ ಬಂದಿತ್ತೆಂದು ತಿಳಿಯಲಿ ಎಂದು ಈ ವರ್ಷದ ಒಂದು ನಾಣ್ಯವನ್ನಿಟ್ಟು ಮಣ್ಣು ಎಳೆದೆ. ಎದೆ ಹಗುರಾಯಿತು.

ವ್ಯಾನಿನಲ್ಲಿ ಲೈಟಿನ ಪೆಟ್ಟಿಗೆಗಳ ನಡುವೆ ಕೂತ ಮೇಲೆ ಕ್ಯಾಮೆರಾದವನು ತೆಗೆದದ್ದನ್ನು ತೋರಿಸಿದ. ನನ್ನ ಕೋಪ, ಬಟ್ಟೆ, ನಾಣ್ಯ, ಹಿಂದೆ ಹಳೆಯ ಕಾರ್ಖಾನೆಯ ಚಿಮಣಿ, ಎಲ್ಲವೂ ಇತ್ತು. ಕಾಲರಿನ ಮೈಕು ನನ್ನ ಉಸಿರನ್ನೂ ಬಿಟ್ಟಿರಲಿಲ್ಲ.

"ಈ ವಾರದ ಕಂತು ಇದೇ," ಅಂದರು ನಿರ್ದೇಶಕರು. "ಮುಂದಿನೂರಲ್ಲೂ ಒಂದ್ಸಲ ಹೀಗೇ ಹಠ ಮಾಡಿ ಮೇಡಂ, ಚೆನ್ನಾಗಿ ಬರುತ್ತೆ."

ಚಿಮಣಿ ನೋಡಿದರೆ ಜಾಗ ಯಾರಿಗೂ ಗೊತ್ತಾಗುತ್ತದೆ, ನಿಧಿಯಿದೆ ಎಂದು ಗುದ್ದಲಿ ಹಿಡಿದು ಬರುತ್ತಾರೆ ಎಂದೆ. ದಯವಿಟ್ಟು ಹಾಕಬೇಡಿ ಎಂದು ಬೇಡಿಕೊಂಡೆ. ಚಾನೆಲ್‌ಗೆ ಆಗಲೇ ಕಳಿಸಿಯಾಗಿತ್ತು. ಪುರಾತತ್ವ ಇಲಾಖೆಗೆ ಫೋನು ಮಾಡಿದರೆ ಜನ ಕಳಿಸಲು ನೋಡುತ್ತೇವೆ ಅಂದರು. ಎತ್ತಿದರೆ ಹಿಟ್ಟು, ಬಿಟ್ಟರೆ ಕಳ್ಳರ ಪಾಲು. ಅತ್ತ ದರಿ, ಇತ್ತ ಪುಲಿ.

ಚೀಲ ತೆಗೆದುಕೊಂಡು ಇಳಿದೆ.

"ಹತ್ತು ತಂಗಿ," ಅಂದ ಡ್ರೈವರಣ್ಣ. "ಸತ್ತ ಕೂಸಿಗೆ ಬದುಕಿದವರು ಕಾವಲು ಕೂರ್ತಾರಾ?"

"ಇಲಾಖೆಯವರು ಬರೋವರೆಗೆ ಅಣ್ಣ. ಅಷ್ಟೇ."

ಗುಂಡಿಯ ಪಕ್ಕದಲ್ಲಿ ಬಕೆಟ್ ಬೋರಲು ಹಾಕಿ ಕೂತೆ. ವ್ಯಾನು ಹೊರಟಿತು. ಕಾರ್ಖಾನೆಯ ಗೇಟಿನ ತನಕ ಹೋಗಿ ನಿಂತಿತು. ಬಾಗಿಲು ಸರಿಯಿತು, ಕ್ಯಾಮೆರಾದವನು ಸ್ಟ್ಯಾಂಡು ಹೆಗಲಿಗೇರಿಸಿಕೊಂಡು ಇಳಿದ.

"ನೀವು ಹಾಗೇ ಕೂತಿರಿ ಅಕ್ಕ," ಅಂದ. "ಮುಖ ಮಾತ್ರ ಸ್ವಲ್ಪ ಚಿಮಣಿ ಕಡೆ."

ಎದ್ದುಹೋಗಬೇಕು ಅನ್ನಿಸಿತು. ಎದ್ದರೆ ಗುಂಡಿಗೆ ಯಾರೂ ಇರಲಿಲ್ಲ. ಮುಖ ತಿರುಗಿಸದೆ ಕೂತೇ ಇದ್ದೆ. ನನ್ನ ಮುಖವೂ ಚಿಮಣಿಯೂ ಒಟ್ಟಿಗೆ ಸಿಗುವಂತೆ ಅವನೇ ಸ್ಟ್ಯಾಂಡನ್ನು ಎತ್ತಿಕೊಂಡು ಈಚೆ ಬದಿಗೆ ಬಂದ.