ಅಮೋಘಿಯ ನಾಲ್ಕುನೂರಾ ಇಪ್ಪತ್ತು ಕುರಿ

ಗುರಣ್ಣ ಬೀಸಿದ ಕೊಡಲಿ ತಮ್ಮ ಬೀರಣ್ಣನ ಹೆಗಲು ಸವರಿ ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡಿತು. ಗೋಡೆಗೊರಗಿಸಿ ಕೂರಿಸಿದ್ದ ಅಪ್ಪ ಅಮೋಘಿಯ ಹೆಣದ ಕಂಬಳಿಗೂ ರಕ್ತ ಸಿಡಿಯಿತು. ಹೆಣದ ಪಕ್ಕದಿಂದ ತಾಯಿ ಹೊಳೆವ್ವ ದಡಬಡಿಸಿ ಎದ್ದಳು. ಮಣ್ಣಿಗೆಂದು ತಿಕೋಟಾದಿಂದ ಬಂದಿದ್ದ ಬೀಗರು ಅಂಗಳದಾಚೆ ಸರಿದರು.

“ಮೂರು ಪಾಲು ಮಾಡಿ ಉಳಿದದ್ದು ಹಿರ್ಯಾಂವಂದು!” ಎಂದ ಗುರಣ್ಣ.

“ಒಂದ ಕುರಿ ಹೆಚ್ಚಿಗಿ ಮುಟ್ಟಿ ನೋಡು, ನಿನ್ನೂ ಅಪ್ಪನ ಬಾಜೂಕ ಹುಗೀತೇನಿ,” ಎಂದ ಬೀರಣ್ಣ, ಹೆಗಲು ಒತ್ತಿ ಹಿಡಿದು. ಕಿರಿಯ ತುಕಾರಾಮನ ಕೈಯಲ್ಲಿ ಕುಡಗೋಲಿತ್ತು.

“ಮೊದಲ ಎಣಸ್ರೋ!” ಹೊಳೆವ್ವ ಚೀರಿದಳು. “ನಿಮ್ಮಪ್ಪ ಜಲ್ಮಪೂರ್ತಿ ಎಣಿಸಿದ್ದು ಇದಕ್ಕ!”

* * *

ಮದುವೆಯಾದ ವರ್ಷ, ಆಗಷ್ಟೇ ಹುಟ್ಟಿದ ಮರಿಯ ಕುತ್ತಿಗೆಗೆ ಅಮೋಘಿ ಕತ್ತಿ ಇಟ್ಟಿದ್ದ. ಹೊಳೆವ್ವ ಅವನ ಕೈ ಹಿಡಿದು ಅತ್ತಿದ್ದಳು.

“ಬಿಡು ಬೇ. ನಮ್ಮಪ್ಪ ಸತ್ತ ದಿನ ಹಂಚಿದಾಗ ಒಂದು ಕುರಿ ಉಳೀತು. ಆ ಒಂದಕ್ಕ ನಮ್ಮಣ್ಣ ನಮ್ಮ ತಮ್ಮನ್ನ ಕಡದ. ನಾಕನೂರಾ ಇಪ್ಪತ್ತಿದ್ರ ಮಕ್ಕಳು ಇಬ್ಬರಾಗ್ಲಿ, ಐದಾಗ್ಲಿ, ಏಳಾಗ್ಲಿ, ಸರಿ ಹರೀತೈತಿ. ಇನ್ನೊಂದು ಕೂಡಿತಂದ್ರ ಯಾರಿಗೂ ಹರಿಯಂಗಿಲ್ಲ. ಇಬ್ಬರಿಗೆ ಹಂಚಿದ್ರೂ ಒಂದು ಉಳೀತೈತಿ, ಏಳು ಮಂದಿಗೆ ಹಂಚಿದ್ರೂ ಒಂದು.”

ಹರಳು ಸಾಲಿಟ್ಟು ಕಂಡುಕೊಂಡ ಲೆಕ್ಕ ಅದು. ಸತ್ತ ಕುರಿಯ ಜಾಗಕ್ಕೆ ಕೊಂಡು ತರುತ್ತಿದ್ದ. ಹೆಚ್ಚಾದದ್ದು ಬಿಜಾಪುರದ ಸಂತೆಗೆ, ಸಂತೆಯ ದಿನ ದೂರವಿದ್ದರೆ ಕತ್ತಿಗೆ. ಬಿಜ್ಜರಗಿಯ ಜನ ಅವನನ್ನು ಚಾರ್ಸೊಬೀಸ್ ಎಂದು ಕರೆದು ನಗುತ್ತಿದ್ದರು. ಆ ಪುಣ್ಯಾತ್ಮ ಯಾರಿಗೂ ಒಂದು ದಿನವೂ ಮೋಸ ಮಾಡಿದವನಲ್ಲ. ಆದರೆ ಅವನು ಕೊಂದ ಒಂದೊಂದು ಮರಿಗೂ ಹೊಳೆವ್ವ ಅವನನ್ನು ಶಪಿಸಿದ್ದಳು.

* * *

ನೆರೆಮನೆಯ ಧೂಳಪ್ಪ ಹಟ್ಟಿಯ ಬಾಗಿಲಲ್ಲಿ ನಿಂತು ಎಣಿಸಿ ಮುಗಿಸಿದ. “ಮೂವರಿಗೂ ನೂರಾ ನಲವತ್ತು. ಒಂದೂ ಉಳೀಲಿಲ್ಲ ನೋಡ್ರಪಾ.”

ಗುರಣ್ಣ ತಲೆ ತಗ್ಗಿಸಿದ. ತುಕಾರಾಮ ಕುಡಗೋಲು ಕೆಳಗಿಟ್ಟ. ಗಂಡ ಗೆದ್ದನೆಂದು ಹೊಳೆವ್ವನಿಗೆ ಉಸಿರು ಬಂತು. ಎಪ್ಪತ್ತೈದನೇ ಇಸವಿಯ ಆ ಬೆಳಿಗ್ಗೆ ಬಿಜ್ಜರಗಿಯಲ್ಲಿ ಇನ್ನೇನು ಹೆಣ ಎತ್ತಬೇಕು, ಆಗ ಹಟ್ಟಿಯ ಮೂಲೆಯಲ್ಲಿ ಒಂದು ಕುರಿ ಈಯಿತು. ಪಾಲು ಇನ್ನೂ ಬೇರೆ ಮಾಡಿರಲಿಲ್ಲ.

“ಉಳೀತು. ಇದು ನಂದು,” ಎಂದ ಗುರಣ್ಣ.

ಬೀರಣ್ಣ ಚೌಕಟ್ಟಿನಿಂದ ಕೊಡಲಿ ಕಿತ್ತ.

ಹೊಳೆವ್ವ ಗೂಟದಲ್ಲಿದ್ದ ಗಂಡನ ಕತ್ತಿ ತೆಗೆದುಕೊಂಡು ಹಟ್ಟಿಗೆ ನುಗ್ಗಿದಳು. ಲೋಳೆ ಆರದ ಮರಿ ಅವಳ ಬೆರಳು ಚೀಪಿತು. ಗಂಡ ಸತ್ತಾಗಲೂ ಅಷ್ಟು ಅತ್ತವಳಲ್ಲ, ಈಗ ಗೋಳೋ ಎಂದಳು. ಅಳುತ್ತಲೇ ಕೊಯ್ದಳು.

“ಈಗ ಎಣಸ್ರೋ,” ಎಂದಳು.

ಯಾರೂ ಎಣಿಸಲಿಲ್ಲ. ಇನ್ನೂ ಒಡೆಯದ ಅವಳ ಹಸಿರು ಬಳೆಗಳಿಂದ ರಕ್ತ ತೊಟ್ಟಿಕ್ಕುತ್ತಿತ್ತು. ತಾಯಿಕುರಿ ಬಂದು ಆ ಕೈಯನ್ನೇ ನೆಕ್ಕತೊಡಗಿತು.